ಒಳ್ಳೆ ಡಾಕ್ಟರ್ ಒಳ್ಳೆ ಮ್ಯಾನೇಜರ್ ಆಗೋದು ಹೇಗೆ? ತುಮಕೂರಿನ ಒಂದು ಪ್ರಯೋಗ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೋತೀವಿ ಅನ್ನೋರಿಗಾಗಿ ಈ ಸಲದ ಮಾತನ್ನ ಬರಹಕ್ಕೆ ಇಳಿಸಿದ್ದೀನಿ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ, ಅಷ್ಟೆ.

ನಾನಿರೋದು ಉತ್ತರ ಚೆನ್ನೈನ ತಿರುವೊಟ್ಟಿಯೂರಲ್ಲಿ. ಇಲ್ಲಿಂದ ಸ್ವಲ್ಪ ಮೇಲಕ್ಕೆ ಹೋದ್ರೆ ಎಣ್ಣೂರು. 2023ರ ಡಿಸೆಂಬರ್ 26ರ ರಾತ್ರಿ ಅಲ್ಲಿನ ಪೆರಿಯಕುಪ್ಪಂ ಹತ್ತಿರ, ಸಮುದ್ರದಡಿಯ ಪೈಪ್‌ಲೈನ್‌ನಿಂದ ಅಮೋನಿಯಾ ಸೋರಿತು. ಕಣ್ಣುರಿ, ಉಸಿರುಗಟ್ಟುವಿಕೆ. ಜನ ನಡುರಾತ್ರಿ ಮನೆ ಬಿಟ್ಟು ಓಡಿದರು, ಹಲವರು ಆಸ್ಪತ್ರೆ ಸೇರಿದರು. ಅದೇ ತಿಂಗಳ ಮೊದಲಲ್ಲಿ ಮಿಚಾಂಗ್ ಚಂಡಮಾರುತದ ನೆರೆ ಬಂದಾಗ ಎಣ್ಣೂರು ಅಳಿವೆಗೆಲ್ಲ ಎಣ್ಣೆ ಹರಡಿತ್ತು.

ಇಂಥ ರಾತ್ರಿ ಏನೇನು ಬೇಕಾಗುತ್ತೆ ಅಂತ ಯೋಚನೆ ಮಾಡಿ. ಗಾಳಿ ಯಾವ ಕಡೆ ಬೀಸ್ತಿದೆ, ಜನರನ್ನ ಎಲ್ಲಿಗೆ ಕಳಿಸಬೇಕು, ಯಾವ ಆಸ್ಪತ್ರೆಯಲ್ಲಿ ಎಷ್ಟು ಆಕ್ಸಿಜನ್ ಬೆಡ್ ಇದೆ, ಗರ್ಭಿಣಿಯರ ಪಟ್ಟಿ ಯಾರ ಹತ್ತಿರ ಇದೆ. ಇದರಲ್ಲಿ ಒಂದನ್ನೂ ಎಂಬಿಬಿಎಸ್ ಪರೀಕ್ಷೆಯಲ್ಲಿ ಕೇಳಲ್ಲ. ಆದರೆ ಉತ್ತರ ಕೊಡಬೇಕಾದವರಲ್ಲಿ ಡಾಕ್ಟರೂ ಒಬ್ಬರು.

ನಮ್ಮ ಐಟಿಯಲ್ಲಿ ಈ ಸಮಸ್ಯೆ ಎಲ್ಲರಿಗೂ ಗೊತ್ತು. ಚೆನ್ನಾಗಿ ಕೋಡ್ ಬರೆಯೋನನ್ನ ಮ್ಯಾನೇಜರ್ ಮಾಡ್ತಾರೆ. ಆಮೇಲೆ ಎರಡು ದಿನದ ಲೀಡರ್‌ಶಿಪ್ ವರ್ಕ್‌ಶಾಪು, ಒಂದು ಸರ್ಟಿಫಿಕೇಟು, ಜೊತೆಗೆ ಊಟ. ಸೋಮವಾರ ಬಂದು ಕೂತ್ರೆ ಎಲ್ಲ ಹಳೇದೇ. ತುಮಕೂರು ಕಡೆಯ ನಮ್ಮ ಕಸಿನ್ ಒಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಮುಂದೆ ತಾಲ್ಲೂಕು ಆರೋಗ್ಯಾಧಿಕಾರಿ ಆಗಬಹುದು. ‘ನಿಮ್ಮಲ್ಲಿ ಮ್ಯಾನೇಜ್‌ಮೆಂಟ್ ಟ್ರೈನಿಂಗ್ ಜಾಸ್ತಿ ಅಲ್ವಾ, ಯಾವ ಕೋರ್ಸ್ ಮಾಡ್ಲಿ?’ ಅಂತ ಕೇಳಿದ್ರು. ನಾನು ಎಂಟೆಕ್ ಮಾಡಿದ ಸಾಫ್ಟ್‌ವೇರ್ ಇಂಜಿನಿಯರ್, ಆರೋಗ್ಯ ತಜ್ಞ ಅಲ್ಲ. ಹಾಗಾಗಿ ಹುಡುಕೋಕೆ ಶುರು ಮಾಡ್ದೆ. ಸಿಕ್ಕಿದ ಅತಿ ಒಳ್ಳೆ ಉದಾಹರಣೆ ಅವರ ಜಿಲ್ಲೆಯದೇ.

2009ರಿಂದ 2011ರವರೆಗೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಮತ್ತು ಜೊತೆಗಾರ ಸಂಸ್ಥೆಗಳು ‘ಸ್ವಾಸ್ಥ್ಯ ಕರ್ನಾಟಕ’ ಅನ್ನೋ ಹೆಸರಲ್ಲಿ ತುಮಕೂರು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ತರಬೇತಿ ಕೊಟ್ಟವು. ಯೋಜನೆ ಮಾಡೋದು, ಬಜೆಟ್, ಸಿಬ್ಬಂದಿಯ ಮೇಲ್ವಿಚಾರಣೆ, ಇಂಥವು. ಕ್ಲಾಸ್ ಮಾಡಿ ಕೈ ತೊಳ್ಕೊಳ್ಲಿಲ್ಲ. ನಡುನಡುವೆ ಮಾರ್ಗದರ್ಶಕರು ತಾಲ್ಲೂಕಿನ ಆಫೀಸಿಗೇ ಹೋಗಿ, ಕಲಿತದ್ದನ್ನ ಅಲ್ಲಿನ ಕೆಲಸಕ್ಕೆ ಹೊಂದಿಸೋಕೆ ಜೊತೆಗೆ ಕೂತ್ರು. ನನಗೆ ಇಷ್ಟವಾಗಿದ್ದು ಆಮೇಲಿನ ಭಾಗ. ಟ್ರೈನಿಂಗ್ ಚೆನ್ನಾಗಿತ್ತಾ ಅಂತ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸ್ಕೊಂಡು ಮುಗಿಸ್ಲಿಲ್ಲ. ಎಲ್ಲಿ ಕೆಲಸ ಮಾಡ್ತು, ಎಲ್ಲಿ ಮಾಡ್ಲಿಲ್ಲ, ಯಾಕೆ ಅಂತ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು.

ಸಿಲೆಬಸ್ ಒಂದೇ, ಜಿಲ್ಲೆ ಒಂದೇ, ಫಲಿತಾಂಶ ಮಾತ್ರ ಒಂದೊಂದು ತಾಲ್ಲೂಕಲ್ಲಿ ಒಂದೊಂದು ಥರ. ಒಂದು ತಾಲ್ಲೂಕಲ್ಲಿ ಸಿಬ್ಬಂದಿಗೆ ಕೆಲಸದ ಮೇಲೆ ಬದ್ಧತೆ ಇತ್ತು, ಬದಲಾಯಿಸಬೇಕು ಅನ್ನೋ ಮನಸ್ಸೂ ಇತ್ತು. ವಿಕೇಂದ್ರೀಕರಣದಿಂದ ಆಗ ಸಿಗ್ತಿದ್ದ ಅವಕಾಶಗಳಿಗೆ ಕಲಿತದ್ದನ್ನ ಜೋಡಿಸಿ ಅವರು ಸುಧಾರಿಸಿದರು. ಇಲ್ಲೀವರೆಗೆ ನಾವು ಊಹಿಸೋ ಕಥೆನೇ. ಆದರೆ ಇನ್ನೆರಡು ತಾಲ್ಲೂಕಲ್ಲಿ ಅಷ್ಟೇ ಬದ್ಧತೆಯ ಜನ ಇದ್ದೂ ಅಂದುಕೊಂಡಿದ್ದನ್ನ ಮಾಡಿ ತೋರಿಸೋಕೆ ಆಗಲಿಲ್ಲ. ಮತ್ತೊಂದರಲ್ಲಿ ಬದ್ಧತೆ ಕಮ್ಮಿ ಇದ್ರೂ ಅಲ್ಲಿನ ನಾಯಕತ್ವ ಆ ಕೊರತೆಯನ್ನ ತುಂಬಿಕೊಡ್ತು.

ಇದನ್ನ ಎರಡು ಸಲ ಓದಿ. ‘ಒಳ್ಳೆ ಜನ ಇದ್ರೆ ಎಲ್ಲ ಸರಿಹೋಗುತ್ತೆ’ ಅನ್ನೋದು ನಮ್ಮ ಕಡೆ ಬಹಳ ಜನ ಹೇಳೋ ಮಾತು. ತುಮಕೂರಿನ ಉತ್ತರ: ಒಳ್ಳೆ ಜನ ಇದ್ರೂ ಸಾಲದೇ ಹೋಗಬಹುದು. ಕಲಿತದ್ದನ್ನ ಬಳಸೋಕೆ ಕೈಗೆ ಏನಾದ್ರೂ ಸಿಗಬೇಕು.

ಆ ‘ಏನಾದ್ರೂ’ ಅಂದ್ರೆ ಏನು? ಒಂದು ಉದಾಹರಣೆ ದುಡ್ಡು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ 25,000 ರೂಪಾಯಿ ಮುಕ್ತ ನಿಧಿ, ನಿರ್ವಹಣೆಗೆ 50,000, ಆರೋಗ್ಯ ರಕ್ಷಾ ಸಮಿತಿಗೆ 1 ಲಕ್ಷ ಇತ್ತು. ಒಟ್ಟು 1.75 ಲಕ್ಷ. ನಮ್ಮ ಕಂಪನಿಗಳ ಟೀಮ್ ಔಟಿಂಗ್ ಖರ್ಚಿಗೆ ಹೋಲಿಸಿದ್ರೆ ಏನೂ ಅಲ್ಲ. ಆದರೆ ಮೇಲಿನವರನ್ನ ಕಾಯದೆ, ಸಮಿತಿಯಲ್ಲಿ ಕೂತು ತೀರ್ಮಾನ ಮಾಡಬಹುದಾದ ದುಡ್ಡು ಅದು. ಹೆರಿಗೆ ಕೋಣೆಗೆ ನೀರು ಬರ್ತಿಲ್ವಾ, ಮೋಟರ್ ರಿಪೇರಿ ಮಾಡಿಸಿ. ಆಡಿಟ್‌ನಲ್ಲಿ ಪ್ರಶ್ನೆ ಬಂದ್ರೆ ಅಂತ ಹೆದರಿ ಅದನ್ನ ಹಾಗೇ ಇಟ್ಟುಕೊಂಡ್ರೆ, ಬಜೆಟ್ ಪಾಠ ಪುಸ್ತಕದಲ್ಲೇ ಉಳಿಯುತ್ತೆ. ಹೆದರಬೇಡಿ ಅಂತ ಹೇಳೋ ಜಿಲ್ಲಾ ಅಧಿಕಾರಿ ಮೇಲಿರಬೇಕು, ಅವರು ಆರು ತಿಂಗಳಿಗೇ ವರ್ಗ ಆಗಿ ಹೋಗಬಾರದು. ಕೋರ್ಸಿಗೆ ದುಡ್ಡು ಕೊಡೋರು ಈ ಕಡೆ ನೋಡೋದೇ ಕಮ್ಮಿ.

ಈಗ ತಮಿಳುನಾಡಿಗೆ ಬರೋಣ. ಇಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಬೇರೆ ನಿರ್ದೇಶನಾಲಯ ಇದೆ, ಆಸ್ಪತ್ರೆ ನಡೆಸೋ ವಿಭಾಗ ಬೇರೆ, ವೈದ್ಯಕೀಯ ಶಿಕ್ಷಣ ಬೇರೆ. ಸಾರ್ವಜನಿಕ ಆರೋಗ್ಯದ ದಾರಿ ಹಿಡಿದ ಡಾಕ್ಟರ್ ಹಳ್ಳಿ, ಪಟ್ಟಣ ಸುತ್ತಿ ಅದೇ ಕೆಲಸದಲ್ಲಿ ಮೇಲೇರ್ತಾರೆ, ಅಂದ್ರೆ ಮ್ಯಾನೇಜ್‌ಮೆಂಟೇ ಅವರ ವೃತ್ತಿ. ಅದರ ಹಿಂದೆ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ಇದೆ. ನೀರು, ಚರಂಡಿ, ಕಸದ ವಿಷಯದಲ್ಲಿ ಆರೋಗ್ಯಾಧಿಕಾರಿಗೆ ಅಧಿಕಾರ ಕೊಡೋ ಕಾಯ್ದೆ. (ಆಗ ಮಂಗಳೂರು, ಬಳ್ಳಾರಿ, ಕಾಸರಗೋಡು ಎಲ್ಲ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ನಮ್ಮವರಿಗೂ ಅದು ಹೊಸದಲ್ಲ.)

ಈ ವ್ಯವಸ್ಥೆಯೊಳಗೆ ನಡೆದ ಒಂದು ಕೆಲಸ ಇಂಜಿನಿಯರ್ ಆಗಿ ನನಗೆ ಬಹಳ ಹಿಡಿಸಿತು. ಕ್ಷಯರೋಗದಲ್ಲಿ ಹೆಚ್ಚಿನ ಸಾವು ಆಗೋದು ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ. ಅದಕ್ಕೆ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ 2022ರ ಏಪ್ರಿಲ್‌ನಲ್ಲಿ ‘ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ’ ಶುರು ಮಾಡಿದರು. ಅಂದ್ರೆ ಕ್ಷಯದಿಂದ ಸಾವಿಲ್ಲದ ಯೋಜನೆ. ರೋಗ ಪತ್ತೆಯಾದ ಕೂಡಲೇ ಐದೇ ಐದು ವಿಷಯ ನೋಡೋದು: ಎತ್ತರಕ್ಕೆ ತಕ್ಕ ತೂಕ, ಕಾಲಿನ ಊತ, ನಿಮಿಷಕ್ಕೆ ಎಷ್ಟು ಸಲ ಉಸಿರಾಟ, ರಕ್ತದಲ್ಲಿ ಆಕ್ಸಿಜನ್, ಆಸರೆ ಇಲ್ಲದೆ ನಿಲ್ಲೋಕೆ ಆಗುತ್ತಾ. ಬಿಎಂಐ 14 ಅಥವಾ ಅದಕ್ಕಿಂತ ಕಮ್ಮಿ, ಆಕ್ಸಿಜನ್ 94ಕ್ಕಿಂತ ಕಮ್ಮಿ, ಉಸಿರಾಟ 24ಕ್ಕಿಂತ ಜಾಸ್ತಿ, ನಿಲ್ಲೋಕಾಗಲ್ಲ, ಇವುಗಳಲ್ಲಿ ಯಾವುದಾದ್ರೂ ಒಂದು ಇದ್ರೂ ಆಸ್ಪತ್ರೆಗೆ ಕಳಿಸೋದು. ಬಿಎಂಐ 14ರಿಂದ 16ರ ನಡುವೆ ಇದ್ದು ಕಾಲು ಊದಿಕೊಂಡಿದ್ರೂ ಅಷ್ಟೇ.

ಲ್ಯಾಬ್ ಬೇಡ, ಡಾಕ್ಟರೇ ನೋಡಬೇಕು ಅಂತಿಲ್ಲ. ಶುರುವಿನಲ್ಲಿ ಒಂದು ಕಾಗದದ ಫಾರ್ಮ್ ಸಾಕಾಯ್ತು. ಸಾಫ್ಟ್‌ವೇರ್ ಆಮೇಲೆ ಬಂತು. ನಾವಾಗಿದ್ರೆ ಮೊದಲು ಡ್ಯಾಶ್‌ಬೋರ್ಡ್ ಮಾಡಿ, ಆಮೇಲೆ ಡೇಟಾ ಎಲ್ಲಿ ಅಂತ ಹುಡುಕ್ತಿದ್ವಿ. ಕೆಲವೇ ತಿಂಗಳಲ್ಲಿ ಬಹುತೇಕ ರೋಗಿಗಳ ತಪಾಸಣೆ ಹೀಗೆ ಆಗತೊಡಗಿತು. ಜಿಲ್ಲೆಯ ಅಧಿಕಾರಿಗೂ ಇದೇ ತರಬೇತಿ: ಎಷ್ಟು ಜನರನ್ನ ನೋಡಿದ್ರಿ, ಎಷ್ಟು ಜನ ತೀವ್ರ, ಅವರಲ್ಲಿ ಎಷ್ಟು ಜನ ದಾಖಲಾದ್ರು? ಈ ಮೂರು ಸಂಖ್ಯೆ ಇಟ್ಕೊಂಡು ಪದೇ ಪದೇ ರಿವ್ಯೂ ಮಾಡ್ತಾ ಹೋದ್ರೆ, ಎಲ್ಲಿ ಬೆಡ್ ಇಲ್ಲ, ಎಲ್ಲಿ ತೂಕದ ಯಂತ್ರ ಕೆಟ್ಟಿದೆ ಅಂತ ತಾನಾಗೇ ಹೊರಗೆ ಬರುತ್ತೆ.

ಅದೇ ಸಂಸ್ಥೆ ನಡೆಸೋ ಕ್ಷೇತ್ರ ಸಾಂಕ್ರಾಮಿಕ ರೋಗಶಾಸ್ತ್ರದ ಎರಡು ವರ್ಷದ ಕೋರ್ಸ್ ಕೂಡ ಹೀಗೇ, ಹೆಚ್ಚಿನ ಸಮಯ ಕ್ಲಾಸಲ್ಲಲ್ಲ, ಕ್ಷೇತ್ರದಲ್ಲಿ. ಕಸಿನ್‌ಗೆ ನಾನು ಹೇಳಿದ್ದು ಇಂಥ ಕೋರ್ಸನ್ನೇ. ವಾರಾಂತ್ಯದ ಸರ್ಟಿಫಿಕೇಟ್ ಬೇಡ ಅಂದೆ.

ಊರಿನ ಆಸ್ಪತ್ರೆಗೆ ಏನಾದ್ರೂ ಮಾಡಬೇಕು ಅಂತ ಹೊರಟಿರೋ ನಮ್ಮಂಥೋರಿಗೆ ಒಂದು ಮಾತು. ಆ್ಯಪ್ ಮಾಡಿಕೊಡ್ತೀವಿ ಅನ್ನೋ ಮುಂಚೆ ಅಲ್ಲಿನ ಆರೋಗ್ಯಾಧಿಕಾರಿ ಜೊತೆ ಒಂದು ದಿನ ಕೂತು, ಕಳೆದ ವರ್ಷದ ಮುಕ್ತ ನಿಧಿಯಲ್ಲಿ ಎಷ್ಟು ಉಳೀತು, ಯಾಕೆ ಉಳೀತು ಅಂತ ಕೇಳಿ. ರಾಜ್ಯದ ವಾರ್ಷಿಕ ಯೋಜನೆಗೆ ಕೇಂದ್ರ ಎಷ್ಟು ಮಂಜೂರು ಮಾಡಿದೆ ಅನ್ನೋ ದಾಖಲೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತೆ. ನೂರಾರು ಸಾಲಿನ ಎಕ್ಸೆಲ್ ಥರ ಇರುತ್ತೆ, ಅದನ್ನ ಓದೋದರಲ್ಲಿ ನಾವು ನಿಪುಣರೇ. ಮುಂದಿನ ವಿಡಿಯೋದಲ್ಲಿ ಕರ್ನಾಟಕದ್ದನ್ನೇ ತೆಗೆದು ಸಾಲು ಸಾಲಾಗಿ ನೋಡೋಣ.