ಗರ್ಭದ ಶಿಶು, ಪಕ್ಷದ ಪ್ರಣಾಳಿಕೆ ಮತ್ತು ಗಡಿನಾಡಿನ ಸಭೆ

2022ರ ಜೂನ್ 24ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು 1973ರಲ್ಲಿ ತಾನೇ ನೀಡಿದ್ದ ತೀರ್ಪನ್ನು ರದ್ದುಗೊಳಿಸಿತು. ಆ ದಿನಗಳಲ್ಲಿಯೇ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ, ಬಸ್ ನಿಲ್ದಾಣದ ಸಮೀಪದ ಹಳ್ಳದಲ್ಲಿ, ಡಬ್ಬಿಗಳಲ್ಲಿ ತುಂಬಿಟ್ಟ ಏಳು ಭ್ರೂಣಗಳು ದೊರೆತವು. ಲಿಂಗ ಪತ್ತೆ ಮಾಡಿಸಿ ನಡೆಸಿದ ಹತ್ಯೆ ಇದೆಂದು ಆರೋಗ್ಯಾಧಿಕಾರಿಗಳು ಶಂಕಿಸಿದರು. ಮೊದಲನೆಯ ಸಂಗತಿಯನ್ನು ಜಗತ್ತು ಒಂದು ಪಕ್ಷದ ಜಯವೆಂದೂ ಇನ್ನೊಂದು ಪಕ್ಷದ ಸೋಲೆಂದೂ ಚರ್ಚಿಸಿತು. ಎರಡನೆಯದು ಪೊಲೀಸ್ ಠಾಣೆಯ ಪ್ರಕರಣವಾಗಿ ದಾಖಲಾಯಿತು. ಅಮೆರಿಕದಲ್ಲಿ ಪಕ್ಷ ರಾಜಕೀಯದ ತಿರುಳಾದ ಈ ಪ್ರಶ್ನೆ ನಮ್ಮಲ್ಲಿ ಏಕೆ ಹಾಗಾಗಲಿಲ್ಲ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸಭೆಗಳು ಈ ವಿಷಯದಲ್ಲಿ ಯಾವ ಮಾತನ್ನು ಆಡಬೇಕು? ಈ ಲೇಖನದಲ್ಲಿ ನಾವು ಇವೆರಡನ್ನು ವಿಚಾರಿಸುತ್ತೇವೆ.

ಸತ್ಯವೇದ ಮತ್ತು ಆದಿಸಭೆಯ ಸಾಕ್ಷಿ

139ನೆಯ ಕೀರ್ತನೆ, ಯೆರೆಮೀಯನ ಕರೆ (ಯೆರೆಮೀಯ 1:5), ಎಲಿಸಬೇತಳ ಗರ್ಭದಲ್ಲಿ ನಲಿದಾಡಿದ ಕೂಸು (ಲೂಕ 1:41) ಇವೆಲ್ಲ ಒಂದೇ ಸತ್ಯವನ್ನು ಸಾರುತ್ತವೆ: ದೇವರ ದೃಷ್ಟಿ ಮನುಷ್ಯನ ಮೇಲೆ ಬೀಳುವುದು ಅವನು ಹುಟ್ಟಿದ ಮೇಲಲ್ಲ, ಅದಕ್ಕೂ ಮೊದಲೇ. ಆದರೆ ಸತ್ಯವೇದವು ನಮಗೆ ಸಿದ್ಧವಾದ ಕಾಯ್ದೆಯ ಕರಡನ್ನು ಕೊಡುವುದಿಲ್ಲ. ಜಗಳದ ನಡುವೆ ಗರ್ಭಿಣಿಗೆ ಪೆಟ್ಟು ಬಿದ್ದ ಪ್ರಸಂಗವನ್ನು ಹೇಳುವ ವಿಮೋಚನಕಾಂಡ 21:22–25ನ್ನು ಹೇಗೆ ಅರ್ಥೈಸಬೇಕೆಂಬುದರಲ್ಲಿ ಪಂಡಿತರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಪ್ರಾಚೀನ ಗ್ರೀಕ್ ಭಾಷಾಂತರವು ರೂಪುಗೊಂಡ ಶಿಶುವಿಗೂ ಇನ್ನೂ ರೂಪುಗೊಳ್ಳದ ಶಿಶುವಿಗೂ ಭೇದವೆಣಿಸುತ್ತದೆ. ಮೂಲ ಇಬ್ರಿಯದಲ್ಲಿ ಆ ಭೇದವಿಲ್ಲ.

ಆದಿಸಭೆಯ ನಿಲುವು ಮಾತ್ರ ಸ್ಪಷ್ಟ. ‘ದಿದಾಖೆ’ ಎಂಬ ಪುರಾತನ ಬೋಧನಾಗ್ರಂಥವು ಗರ್ಭಪಾತವನ್ನೂ ನವಜಾತ ಶಿಶುವಿನ ಹತ್ಯೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಆ ಕಾಲದ ಲೋಕ ಎಂಥದೆಂಬುದನ್ನು ಈಜಿಪ್ಟಿನಲ್ಲಿ ದೊರೆತ ಕ್ರಿ.ಪೂ. 1ರ ಒಂದು ಪತ್ರ ತೋರಿಸುತ್ತದೆ. ದುಡಿಯಲು ಅಲೆಕ್ಸಾಂದ್ರಿಯಕ್ಕೆ ಹೋದವನೊಬ್ಬನು ಬಸುರಿ ಹೆಂಡತಿಗೆ, ಗಂಡಾದರೆ ಉಳಿಸಿಕೋ, ಹೆಣ್ಣಾದರೆ ಹೊರಗೆ ಬಿಸಾಡು ಎಂಬರ್ಥದಲ್ಲಿ ಬರೆದಿದ್ದಾನೆ. ಆದಿಸಭೆಯು ಜೀವದ ಪರವಾಗಿ ಮಾತನಾಡಿದ್ದು ಇಂಥ ಮನೆಗಳ ನಡುವೆ. ಗಡಿನಾಡಿನ ನಮಗೆ ಆ ಪತ್ರ ಅಪರಿಚಿತವೆನಿಸದು.

ಅಮೆರಿಕದಲ್ಲಿ ನಡೆದದ್ದು

ಅಮೆರಿಕದ ಸಂಪ್ರದಾಯಸ್ಥ ಕ್ರೈಸ್ತರೆಲ್ಲರೂ ಮೊದಲಿನಿಂದಲೂ ಒಂದೇ ಪಕ್ಷದ ಬೆನ್ನಿಗಿದ್ದು ಗರ್ಭಪಾತವನ್ನು ವಿರೋಧಿಸಿದರೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಇತಿಹಾಸ ಬೇರೆಯೇ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಗರ್ಭಪಾತದ ನಿರ್ಬಂಧವನ್ನು ಸಡಿಲಿಸಿದ 1967ರ ಕಾನೂನಿಗೆ ರಾಜ್ಯಪಾಲರಾಗಿ ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್. 1971ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟ್ ಸಭೆಗಳ ಮಹಾಸಮ್ಮೇಳನವು, ಅತ್ಯಾಚಾರ, ತಾಯಿಯ ಆರೋಗ್ಯಕ್ಕೆ ಅಪಾಯ ಮೊದಲಾದ ಸಂದರ್ಭಗಳಲ್ಲಿ ಕಾನೂನು ಗರ್ಭಪಾತಕ್ಕೆ ಅವಕಾಶ ಕೊಡಬೇಕೆಂದು ನಿರ್ಣಯಿಸಿತ್ತು. 1973ರ ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರನ್ನು ನೇಮಿಸಿದವರು ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್. ವಿರೋಧದ ಮುಂಚೂಣಿಯಲ್ಲಿ ಆಗ ಇದ್ದವರು ಮುಖ್ಯವಾಗಿ ಕಥೋಲಿಕರು. ಅವರಲ್ಲಿ ಬಹುಮಂದಿ ಡೆಮಾಕ್ರಟಿಕ್ ಪಕ್ಷದ ಮತದಾರರು.

ಬದಲಾವಣೆ ಬಂದದ್ದು ಸಂಘಟನೆಯ ಮೂಲಕ. 1976ರಲ್ಲಿ ರಿಪಬ್ಲಿಕನ್ ಪಕ್ಷದ ಪ್ರಣಾಳಿಕೆಯೊಳಗೆ ಈ ವಿಷಯ ಪ್ರವೇಶಿಸಿತು. 1979ರಲ್ಲಿ ಬ್ಯಾಪ್ಟಿಸ್ಟ್ ಬೋಧಕ ಜೆರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ಯನ್ನು ಕಟ್ಟಿದರು. ಸಾಮಾಜಿಕ ಸಂಪ್ರದಾಯವಾದಿಗಳು ಸಭೆಗಳ ಮೂಲಕ ಮತದಾರರನ್ನು ಒಗ್ಗೂಡಿಸಿದರು. ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಗಳಲ್ಲಿ ತಪ್ಪದೆ ಮತ ಹಾಕಿದರು. ಪ್ರಣಾಳಿಕೆ ಬರೆಯುವ ಸಮಿತಿಗಳಲ್ಲಿ ಕುಳಿತರು. ಕೊನೆಗೆ ನ್ಯಾಯಾಧೀಶರ ನೇಮಕದ ಮೇಲೆ ಗಮನವಿಟ್ಟರು. ಸುಮಾರು ಐವತ್ತು ವರ್ಷಗಳ ಈ ಶ್ರಮದ ಫಲವೇ 2022ರ ತೀರ್ಪು. ಆದರೆ ಎರಡೇ ತಿಂಗಳೊಳಗೆ, ಸಂಪ್ರದಾಯಸ್ಥರೆಂದು ಹೆಸರಾದ ಕ್ಯಾನ್ಸಸ್ ರಾಜ್ಯದ ಮತದಾರರು ಗರ್ಭಪಾತದ ಹಕ್ಕನ್ನು ತೆಗೆದುಹಾಕುವ ತಿದ್ದುಪಡಿಯನ್ನು ತಿರಸ್ಕರಿಸಿದರು. 2024ರಲ್ಲಿ ರಿಪಬ್ಲಿಕನ್ ಪಕ್ಷವೇ ತನ್ನ ಪ್ರಣಾಳಿಕೆಯ ಮಾತನ್ನು ಮೆದುಗೊಳಿಸಿ, ವಿಷಯವನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಸಭೆಯ ಉಪದೇಶವನ್ನು ಪಕ್ಷವೊಂದು ಎತ್ತಿಕೊಳ್ಳಬಹುದು. ಮತ ತರುವಷ್ಟು ಕಾಲ ಹೊತ್ತು, ಭಾರವೆನಿಸಿದಾಗ ಇಳಿಸಲೂಬಹುದು.

ಭಾರತದ ದಾರಿ

ನಮ್ಮ ದೇಶದಲ್ಲಿ ಈ ಪ್ರಶ್ನೆ ಹಕ್ಕಿನ ಹೋರಾಟವಾಗಿ ಹುಟ್ಟಲಿಲ್ಲ. ಕದ್ದುಮುಚ್ಚಿ ನಡೆದ ಗರ್ಭಪಾತಗಳಿಂದ ಸಾಯುತ್ತಿದ್ದ ತಾಯಂದಿರ ಚಿಂತೆಯಾಗಿ ಹುಟ್ಟಿತು. 1964ರಲ್ಲಿ ನೇಮಕವಾದ ಶಾಂತಿಲಾಲ್ ಶಾ ಸಮಿತಿಯ ಶಿಫಾರಸಿನ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. 2021ರ ತಿದ್ದುಪಡಿಯು, ಅತ್ಯಾಚಾರಕ್ಕೊಳಗಾದವರೂ ಸೇರಿದಂತೆ ಕೆಲವು ವರ್ಗಗಳ ಸ್ತ್ರೀಯರಿಗೆ ಅವಧಿಯನ್ನು 20 ವಾರಗಳಿಂದ 24 ವಾರಗಳಿಗೆ ವಿಸ್ತರಿಸಿತು. ಸಂಪ್ರದಾಯವಾದಿಯೆಂದು ಗುರುತಿಸಲ್ಪಡುವ ಭಾರತೀಯ ಜನತಾ ಪಕ್ಷದ ಕೇಂದ್ರ ಸರ್ಕಾರವೇ ಈ ತಿದ್ದುಪಡಿಯನ್ನು ತಂದಿತೆಂಬುದು ಗಮನಾರ್ಹ. ಕಥೋಲಿಕ ಸಭೆ ವಿರೋಧಿಸಿತು. ಆ ವಿರೋಧ ಪಕ್ಷಗಳೊಳಗೆ ಪ್ರತಿಧ್ವನಿ ಪಡೆಯಲಿಲ್ಲ.

ಹಾಗೆಂದು ಆ ಪಕ್ಷದೊಳಗೆ ಸಾಮಾಜಿಕ ಸಂಪ್ರದಾಯವಾದಿಗಳ ಪ್ರಭಾವ ಕಡಿಮೆಯೆಂದಲ್ಲ. ಅದೇ 2021ರ ಡಿಸೆಂಬರ್ 23ರಂದು, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ಮತಾಂತರವನ್ನು ನಿರ್ಬಂಧಿಸುವ ಮಸೂದೆಗೆ ವಿಧಾನಸಭೆಯ ಒಪ್ಪಿಗೆ ದೊರೆಯಿತು. ಅದರ ಹಿಂದಿನ ವರ್ಷ ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆ ಅಂಗೀಕಾರವಾಗಿತ್ತು. ಪ್ರಭಾವ ಇದೆ, ಅದು ಹರಿಯುವ ಕಾಲುವೆ ಬೇರೆ. ಕುಟುಂಬದ ವಿಷಯದಲ್ಲಿಯೂ ಆ ವಲಯದ ಕಾಳಜಿ ಮಕ್ಕಳ ಸಂಖ್ಯೆಯ ರೂಪದಲ್ಲಿ ವ್ಯಕ್ತವಾಗುತ್ತದೆ. 2024ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಸರಸಂಘಚಾಲಕ ಮೋಹನ್ ಭಾಗವತ್ ಅವರು, ಜನನ ಪ್ರಮಾಣ 2.1ಕ್ಕಿಂತ ಕೆಳಗಿಳಿಯಬಾರದೆಂದು ಹೇಳಿದ್ದು ಇದಕ್ಕೆ ನಿದರ್ಶನ. ಒಂದು ಪಕ್ಷದ ಸಂಪ್ರದಾಯವಾದ ಯಾವುದನ್ನು ತನ್ನ ಧ್ವಜಕ್ಕೆ ಕಟ್ಟಿಕೊಳ್ಳುತ್ತದೆಂಬುದನ್ನು ಶಾಸ್ತ್ರಗ್ರಂಥಗಳು ಮಾತ್ರವಲ್ಲ, ಸಮುದಾಯದ ಭಯಗಳೂ ಮತದ ಲೆಕ್ಕಗಳೂ ನಿರ್ಧರಿಸುತ್ತವೆ.

ಕಾಗವಾಡದಿಂದ ಮೀರಜಿಗೆ

ಅಥಣಿ, ಕಾಗವಾಡಗಳ ಜನರಿಗೆ ಮೀರಜ ಎಂದರೆ ದವಾಖಾನೆಯ ಊರು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಸ್ಥಾಪಿಸಿದ ಆಸ್ಪತ್ರೆಯು ಆ ಖ್ಯಾತಿಗೆ ಬುನಾದಿ ಹಾಕಿತು. ರಾಜ್ಯದ ಗಡಿ ದಾಟಿ ಚಿಕಿತ್ಸೆಗೆ ಹೋಗುವ ರೂಢಿಗೆ ಸಭೆಯ ಸೇವೆಯೂ ಒಂದು ಕಾರಣ. ಅದೇ ದಾರಿಯಲ್ಲಿ, ಕಾಗವಾಡಕ್ಕೂ ಮೀರಜಿಗೂ ನಡುವೆ, ಮ್ಹೈಸಾಳ ಎಂಬ ಊರಿದೆ. 2017ರ ಮಾರ್ಚಿನಲ್ಲಿ ಅಲ್ಲಿ 19 ಭ್ರೂಣಗಳನ್ನು ಪೊಲೀಸರು ನೆಲದಿಂದ ಅಗೆದು ತೆಗೆದರು. ಗರ್ಭಪಾತದ ವೇಳೆ ಒಬ್ಬ ತರುಣಿ ತೀರಿಕೊಂಡ ಮೇಲಷ್ಟೇ ಈ ಜಾಲ ಬಯಲಾಯಿತು. ಬಂಧಿತರಲ್ಲಿ ಕರ್ನಾಟಕದ ವೈದ್ಯರೂ ಇದ್ದರು.

2001ರ ಜನಗಣತಿಯಲ್ಲಿ, ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ ನಿಪ್ಪಾಣಿಯ ಆಚೆಯ ಕೊಲ್ಹಾಪುರ ಜಿಲ್ಲೆಯಲ್ಲಿ 839, ಕಾಗವಾಡದ ಆಚೆಯ ಸಾಂಗ್ಲಿಯಲ್ಲಿ 851 ಇತ್ತು. ದೇಶದ ಸರಾಸರಿ 927. ಬಡತನವೊಂದೇ ಕಾರಣವೆಂದು ಹೇಳುವಂತಿಲ್ಲ. ಇವು ಕಬ್ಬು ಬೆಳೆಯುವ, ಸಕ್ಕರೆ ಕಾರ್ಖಾನೆಗಳ ನೀರಾವರಿ ನಾಡುಗಳು. ಭೂಮಿ ಹಂಚಿಹೋಗಬಾರದೆಂಬ ಲೆಕ್ಕ, ವಂಶಕ್ಕೊಬ್ಬ ಗಂಡು ಬೇಕೆಂಬ ಹಟ, ಇಲ್ಲಿ ‘ಹುಂಡಾ’ ಎಂದು ಕರೆಯುವ ವರದಕ್ಷಿಣೆ ಇವೆಲ್ಲ ಸ್ಕ್ಯಾನಿಂಗ್ ಯಂತ್ರದೊಡನೆ ಕೈಜೋಡಿಸಿದವು. ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯ ಜಾರಿ ಆಯಾ ರಾಜ್ಯದ, ಆಯಾ ಜಿಲ್ಲೆಯ ಅಧಿಕಾರಿಗಳ ಹೊಣೆ. ಅಧಿಕಾರಿಯ ವ್ಯಾಪ್ತಿ ಗಡಿಯಲ್ಲಿ ನಿಲ್ಲುತ್ತದೆ, ಬಸ್ಸು ನಿಲ್ಲುವುದಿಲ್ಲ.

ಅಮೆರಿಕದ ವಾದವನ್ನು ಇಲ್ಲಿಗೆ ಹಾಗೆಯೇ ತಂದು ನೆಡಲಾಗದು ಎಂಬುದಕ್ಕೆ ಕಾರಣ ಇಲ್ಲಿದೆ. ಅಲ್ಲಿ ಚರ್ಚೆ ಸ್ತ್ರೀಯ ಆಯ್ಕೆಗೂ ಶಿಶುವಿನ ಜೀವಕ್ಕೂ ನಡುವಿನ ಸಂಘರ್ಷದ ಸುತ್ತ ನಡೆಯುತ್ತದೆ. ಇಲ್ಲಿಯ ಲಿಂಗಾಧಾರಿತ ಗರ್ಭಪಾತದಲ್ಲಿ ಅನೇಕ ಸಾರಿ ಸೊಸೆಗೆ ಆಯ್ಕೆಯೂ ಇಲ್ಲ, ಕೂಸಿಗೆ ಜೀವವೂ ಇಲ್ಲ. ನಮ್ಮ ಕಾನೂನಿನ ಪ್ರಕಾರ ವಯಸ್ಕ ಸ್ತ್ರೀಯ ಗರ್ಭಪಾತಕ್ಕೆ ಆಕೆಯೊಬ್ಬಳ ಸಮ್ಮತಿ ಸಾಕು. ಮನೆಯ ಪ್ರಕಾರ ಗಂಡನ, ಅತ್ತೆಯ, ಮಾವನ ತೀರ್ಮಾನವೇ ಅಂತಿಮ.

ಸಭೆಯ ಮುಂದಿರುವ ಕೆಲಸ

ಕಾನೂನುಬದ್ಧ ಗರ್ಭಪಾತ ಎಷ್ಟರಮಟ್ಟಿಗೆ ಇರಬೇಕೆಂಬುದರಲ್ಲಿ ಸಭೆಗಳು ಭಿನ್ನವಾಗಿವೆ. ಕಥೋಲಿಕ ಸಭೆಯ ನಿಷೇಧ ಸಮಗ್ರವಾದುದು. ಪ್ರೊಟೆಸ್ಟೆಂಟರಲ್ಲಿ ಅನೇಕರು ತಾಯಿಯ ಪ್ರಾಣಾಪಾಯ ಮೊದಲಾದ ಸಂದರ್ಭಗಳನ್ನು ಪ್ರತ್ಯೇಕಿಸುತ್ತಾರೆ. ಈ ಭೇದವನ್ನು ಮುಚ್ಚಿಡಬೇಕಾಗಿಲ್ಲ. ಸುರಕ್ಷಿತ ವೈದ್ಯದ ಬಾಗಿಲು ಮುಚ್ಚಿದಾಗ ಬಡ ಹೆಂಗಸು ಮ್ಹೈಸಾಳದಂಥ ಕಡೆಗೆ ಹೋಗುತ್ತಾಳೆಂಬುದನ್ನು ನಿಷೇಧದ ಪರವಾಗಿರುವವರು ತೂಗಿ ನೋಡಬೇಕು. ಹೆಣ್ಣೆಂಬ ಕಾರಣಕ್ಕೆ ಒಂದು ಜೀವ ಅಳಿಯುವುದನ್ನು ಆಯ್ಕೆ ಎಂಬ ಮಾತು ಸಮರ್ಥಿಸಬಲ್ಲುದೇ ಎಂಬುದನ್ನು ಅವಕಾಶದ ಪರವಾಗಿರುವವರು ಕೇಳಿಕೊಳ್ಳಬೇಕು.

ಈ ಭೇದದ ನಡುವೆಯೂ ಎಲ್ಲರೂ ಕೂಡಿ ಮಾಡಬಹುದಾದ ಕೆಲಸಗಳಿವೆ. ವಿವಾಹಪೂರ್ವ ಉಪದೇಶದಲ್ಲಿ ಸಭಾಪಾಲಕರು ಹುಂಡಾದ ಲೆಕ್ಕವನ್ನು ನೇರವಾಗಿ ಕೇಳಲಿ. ನಮ್ಮ ಮನೆಗಳೂ ಆ ಪಾಪದಿಂದ ಹೊರತಲ್ಲ. ಮೂರನೆಯ ಹೆಣ್ಣುಮಗುವಿನ ದೀಕ್ಷಾಸ್ನಾನಕ್ಕೂ ಸಭೆ ಮೊದಲ ಗಂಡುಮಗುವಿನ ಸಂಭ್ರಮದಿಂದಲೇ ನೆರೆಯಲಿ. ಗರ್ಭಪಾತಕ್ಕೆ ಒಳಗಾದ ಸಹೋದರಿಗೆ ತೀರ್ಪಿಗಿಂತ ಮೊದಲು ಆರೈಕೆ ದೊರೆಯಲಿ. ಮತ ಕೇಳಲು ಬರುವ ಪ್ರತಿಯೊಂದು ಪಕ್ಷದ ಅಭ್ಯರ್ಥಿಗೂ ನಮ್ಮ ಪ್ರಶ್ನೆ ಒಂದೇ ಆಗಿರಲಿ: ಸ್ಕ್ಯಾನಿಂಗ್ ಕೇಂದ್ರಗಳ ತಪಾಸಣೆಗೆ ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ಅಧಿಕಾರಿಗಳು ಒಟ್ಟಾಗಿ ಕೂರುವಂತೆ ನೀವೇನು ಮಾಡುವಿರಿ?

ಫರೋಹನ ಅಪ್ಪಣೆಯ ಎದುರು ಶಿಶುಗಳನ್ನು ಉಳಿಸಿದ ಇಬ್ರಿಯ ಸೂಲಗಿತ್ತಿಯರ ಕೈಯಲ್ಲಿ ಅಧಿಕಾರವಿರಲಿಲ್ಲ. ದೇವರ ಭಯವಿತ್ತು, ಹೆರಿಗೆಯ ಮನೆಗೆ ಪ್ರವೇಶವಿತ್ತು. ಗಡಿನಾಡಿನ ನಮ್ಮ ಸಭೆಗಳು ಸಂಖ್ಯೆಯಲ್ಲಿ ಚಿಕ್ಕವು. ಯಾವ ಪಕ್ಷವೂ ನಮ್ಮ ಮತವನ್ನು ನೆಚ್ಚಿ ಪ್ರಣಾಳಿಕೆ ಬರೆಯುವುದಿಲ್ಲ. ಆದರೂ ನಮ್ಮ ದಾದಿಯರು, ಶಿಕ್ಷಕಿಯರು, ಸಭಾಹಿರಿಯರು ಪ್ರತಿದಿನ ನೂರಾರು ಮನೆಗಳ ಹೊಸ್ತಿಲು ತುಳಿಯುತ್ತಾರೆ. ಆ ಮನೆಗಳೊಳಗೆ ಅವರು ಏನು ಹೇಳಬೇಕೆಂಬುದನ್ನು ಕಲಿಸುವ ಹೊಣೆ ಸಭೆಯದು. ಅದನ್ನು ಈ ವರ್ಷದ ಸ್ತ್ರೀಮೈತ್ರಿಯ ಮತ್ತು ಯುವಜನರ ಕೂಟಗಳಿಂದಲೇ ಆರಂಭಿಸಬಹುದು.