ಭೀಮವ್ವನ ಇಟಗಿ, ಅಕ್ಕಾದೇವಿಯ ಸೂಡಿ

ಇಟಗಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕೊಪ್ಪಳ ಜಿಲ್ಲೆಯ ಇಟಗಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, 1112ರ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಗುಡಿ ಇರುವುದು ಅಲ್ಲಿ. ಗದಗ ಜಿಲ್ಲೆಯ ಈ ಇಟಗಿಗೆ ಜನ ಬರುವುದು ಶಿಲ್ಪ ನೋಡಲಿಕ್ಕಲ್ಲ, ಭೀಮವ್ವನಿಗೆ ನಡಕೊಳ್ಳಲಿಕ್ಕೆ. ಶಿವಶರಣೆ ಭೀಮಾಂಬಿಕೆಯನ್ನು ಭಕ್ತರು ಧರ್ಮದೇವತೆ ಎನ್ನುತ್ತಾರೆ. ಆಕೆಯ ಪುರಾಣ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳ ಗುಡಿಕಟ್ಟೆಗಳಲ್ಲಿ ರಾತ್ರಿಯಿಡೀ ಸಾಗುತ್ತದೆ.

ಗಜೇಂದ್ರಗಡದ ಕಡೆಯಿಂದ ಬಂದರೆ ಎರಿ ಹೊಲಗಳ ನಡುವಿನ ದಾರಿ. ಗುಡಿಯ ಹತ್ತಿರ ಕಾಯಿ, ಕರ್ಪೂರ, ಬಳೆಯ ಅಂಗಡಿಗಳು. ನೆರಳಿನಲ್ಲಿ ಕೂತ ಮುದುಕಿಯೊಬ್ಬಳ ಪಕ್ಕದಲ್ಲಿ ಸಣ್ಣ ಗಂಟು ಕಂಡು ಏನೆಂದು ಕೇಳಿದೆ.

“ಜ್ವಾಳಾರೀ ಎಪ್ಪಾ, ದಾಸೋಹಕ್ಕ. ಈ ಸಲ ಮಳಿ ಕೈ ಕೊಡ್ತು, ಇಷ್ಟ ಆತು ನೋಡ್ರಿ. ಅವ್ವ ಏನ್ ತಕ್ಕಡಿ ಹಿಡಕೊಂಡ ಕುಂತಾಳನು?”

ಗಂಟು ಸಣ್ಣದೆಂಬ ಅಳುಕು ಆಕೆಯ ದನಿಯಲ್ಲಿರಲಿಲ್ಲ.

ತಕ್ಕಡಿಯ ಮಾತು ಬಂದದ್ದಕ್ಕೆ ಸೂಡಿಯ ಕಡೆ ಹೊರಟೆ. ಇಟಗಿಗೆ ಹತ್ತಿರದ ಈ ಊರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆ ಇತ್ತು. ಚಿನ್ನ ತೂಗಿ ನಾಣ್ಯ ಅಚ್ಚು ಹಾಕುತ್ತಿದ್ದರು. ಜೋಡುಕಳಸದ ಗುಡಿಯೂ ಮೆಟ್ಟಿಲಿಳಿದು ನೀರು ಮುಟ್ಟುವ ನಾಗಕುಂಡವೂ ಆ ಸಿರಿಯ ದಿನಗಳವು. ಸೂಡಿಯ ಸುತ್ತಲಿನ ಕಿಸುಕಾಡು 70 ಎಂಬ ನಾಡನ್ನು ಆಳಿದ ರಾಜಕುಮಾರಿ ಅಕ್ಕಾದೇವಿ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಒಡಹುಟ್ಟಿದವಳು, ಕೋಟೆಗೆ ಮುತ್ತಿಗೆ ಹಾಕಿದ ವೀರೆ. ಆದರೆ ನನಗೆ ದೊಡ್ಡದಾಗಿ ಕಂಡದ್ದು ಆಕೆಯ ಇನ್ನೊಂದು ಕೆಲಸ. ಚೋಳರೊಡನೆ ನಡೆದ ಯುದ್ಧದಲ್ಲಿ ಸೂಡಿಯ ಊರ ಕಟ್ಟಳೆ ಹದಗೆಟ್ಟಾಗ, ಅದನ್ನು ಎಂಟು ಶೆಟ್ಟರಿಗೂ ಎಂಬತ್ತು ಒಕ್ಕಲುಗಳಿಗೂ ಹೊಸದಾಗಿ ಬರೆದುಕೊಟ್ಟದ್ದು ಆಕೆಯ ಆಡಳಿತ. ಹಣವುಳ್ಳ ಶೆಟ್ಟರ ಜೊತೆಗೆ ಒಕ್ಕಲುಗಳನ್ನೂ ಅದೇ ಶಾಸನದ ಕಲ್ಲು ಎಣಿಸಿತು.

ಆ ಕಾಲದ ದೇಗುಲ ಶಾಸನಗಳನ್ನು ಓದಿದವರಿಗೆ ಇದು ಹೊಸತಲ್ಲ. ದತ್ತಿ ಕೊಟ್ಟ ದೊರೆಯ ಬಿರುದುಗಳು ಮುಗಿದ ಮೇಲೆ, ಪೂಜೆಯವರಿಗೆ, ಓದಿಸುವವರಿಗೆ, ವಾದ್ಯದವರಿಗೆ, ನರ್ತಕಿಯರಿಗೆ ಸಲ್ಲಬೇಕಾದ ಪಾಲೂ ಬರುತ್ತದೆ. ಪಾಲುಗಳು ಸಮನಾಗಿರಲಿಲ್ಲ, ನಿಜ. ಅಂದಿನ ಮೇಲುಕೀಳು ಆ ಅಳತೆಯಲ್ಲೇ ಕಾಣುತ್ತದೆ. ಆದರೂ ದುಡಿದವರ ಪಾಲು ಬರಹಕ್ಕೆ ಬಂದಿತ್ತು.

ಈಗ ನಮ್ಮ ಕಡೆ ಹೊಸದಾಗಿ ಕಟ್ಟಿದ ಯಾವ ಗುಡಿಗೆ ಹೋದರೂ ಗೋಡೆಯಲ್ಲಿ ಗ್ರಾನೈಟ್ ಫಲಕ. ಲಕ್ಷ ಕೊಟ್ಟವರು ಮೇಲೆ, ಸಾವಿರ ಕೊಟ್ಟವರು ಕೆಳಗೆ. ಅಡುಗೆ ಒಲೆಯ ಮುಂದೆ ಬೇಯುವವರ ಹೆಸರು, ಜಾತ್ರೆ ಮುಗಿದ ಬೆಳಗ್ಗೆ ಎಲೆ ಬಳಿದು ಬೀದಿ ಗುಡಿಸುವವರ ಹೆಸರು ಎಲ್ಲೂ ಇಲ್ಲ. ಕಾಣಿಕೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹಣವಿಲ್ಲದೆ ಛಾವಣಿ ನಿಲ್ಲುವುದಿಲ್ಲ. ಆದರೆ ರೂಪಾಯಿಯ ಲೆಕ್ಕದಲ್ಲೇ ಭಕ್ತರನ್ನು ಮೇಲೆ ಕೆಳಗೆ ಜೋಡಿಸುವುದು ತಪ್ಪು. ಇಟಗಿಯಲ್ಲಿ ಕಂಡ ಆ ಅವ್ವನ ಜೋಳ ಯಾವ ಫಲಕಕ್ಕೂ ಏರುವುದಿಲ್ಲ. ಆಕೆ ಅದನ್ನು ಕೇಳಲೂ ಇಲ್ಲ, ಆ ಮಾತು ಬೇರೆ.

ನಿಮ್ಮೂರ ಗುಡಿಯ ಜೀರ್ಣೋದ್ಧಾರಕ್ಕೆ ಹಣ ಎತ್ತುತ್ತಿದ್ದರೆ ಒಂದು ಕೆಲಸ ಮಾಡಿ: ಫಲಕ ಕೆತ್ತಿಸುವಾಗ ಕಲ್ಲು ಹೊತ್ತವರ, ಅಡುಗೆ ಮಾಡಿದವರ, ಕಸ ಗುಡಿಸಿದವರ ಹೆಸರನ್ನೂ ಅದೇ ಅಳತೆಯ ಅಕ್ಷರದಲ್ಲಿ ಕೆತ್ತಿಸಿ.