ಮಗುವಿನ ಒಂದು ಮಾತಿಗಾಗಿ ವಾರಕ್ಕೆರಡು ಸಲ ಬಸ್ಸು ಹತ್ತುವ ತಾಯಿ

ಬೆಳಗ್ಗೆ ಏಳು ಗಂಟೆ. ಬಸವಾಪಟ್ಟಣದ ಬಸ್ ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದ ಒಬ್ಬ ತಾಯಿಯನ್ನು ನಾವು ಮಾತಾಡಿಸಿದೆವು. ಒಂದು ಕೈಯಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ. ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಒಂದು ಫೈಲು. ಇನ್ನೊಂದು ಕೈಯನ್ನು ಐದು ವರ್ಷದ ಮಗ ಬಿಡಲೊಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ, ಬಸ್ಸಿನ ಗಾಲಿ ತಿರುಗುವುದನ್ನು ಮಾತ್ರ ಬಗ್ಗಿ ಬಗ್ಗಿ ನೋಡುತ್ತಾನೆ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು, ‘ಏನವ್ವಾ, ಹುಡುಗನಿಗೆ ಹುಷಾರಿಲ್ವಾ?’

‘ಹುಷಾರಾಗೇ ಇದಾನ್ರೀ. ಮಾತು ಕಲಿಯಾಕೆ ಹೊಂಟೀವಿ’ ಎಂದರು ಆ ತಾಯಿ.

ಕರಾವಳಿಯ ನಮ್ಮ ಓದುಗರಿಗೆ ಬಸವಾಪಟ್ಟಣ ದೂರದ ಊರು. ಪಾಳೆಯಗಾರರ ಕಾಲದ ಕೋಟೆ, ಸುತ್ತ ಅಡಿಕೆ ತೋಟ, ಭತ್ತದ ಗದ್ದೆ. ಚನ್ನಗಿರಿ ತಾಲೂಕಿನ ಹೋಬಳಿ ಕೇಂದ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಊರು ದೂರ, ಆದರೆ ಆ ತಾಯಿಯ ಕಥೆ ನಮ್ಮ ಉಳ್ಳಾಲದಲ್ಲೂ ಇದೆ, ಬಂಟ್ವಾಳದಲ್ಲೂ ಇದೆ, ಕಾಸರಗೋಡಿನಲ್ಲೂ ಇದೆ. ಮಗು ತಡವಾಗಿ ನಡೆದರೆ, ಮಾತು ಬಾರದಿದ್ದರೆ ಮನೆಯವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಹಿಡಿದುಕೊಂಡು ನಾವು ಆ ಬಸ್ಸು ಹತ್ತಿದೆವು.

‘ಅಪ್ಪನೂ ತಡವಾಗೇ ಮಾತಾಡಿದ್ದು’

ಮಗನಿಗೆ ಒಂದೂವರೆ ವರ್ಷ ಆದಾಗಲೇ ತಾಯಿಗೆ ಅನುಮಾನ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ, ಅಮ್ಮನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಅತ್ತೆ ಹೇಳಿದರು: ‘ಗಂಡು ಮಕ್ಕಳು ತಡಾನೇ. ಇವನ ಅಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು.’ ಒಬ್ಬ ವೈದ್ಯರೂ ಅದನ್ನೇ ಹೇಳಿ ಟಾನಿಕ್ ಬರೆದುಕೊಟ್ಟರು. ಹರಕೆ ಹೊತ್ತಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಹೀಗೆ ಎರಡು ವರ್ಷ ಹೋಯಿತು.

ಹೋದ ಆ ಎರಡು ವರ್ಷಗಳೇ ಇಲ್ಲಿ ಮುಖ್ಯ. ಮಗುವಿನ ಮೆದುಳು ಬಹುಬೇಗ ಬೆಳೆಯುವುದು, ಹೊಸದನ್ನು ಸುಲಭವಾಗಿ ಕಲಿಯುವುದು ಮೊದಲ ವರ್ಷಗಳಲ್ಲಿ. ಆಗ ಶುರು ಮಾಡಿದ ತರಬೇತಿಗೆ ಸಿಗುವ ಫಲ ಆರು ವರ್ಷದ ನಂತರ ಶುರು ಮಾಡಿದ್ದಕ್ಕೆ ಸಿಗುವುದು ಕಷ್ಟ. ತಡವಾಯಿತೆಂದು ಬಿಡಬೇಕಾಗಿಲ್ಲ, ಯಾವ ವಯಸ್ಸಿನಲ್ಲೂ ಕಲಿಕೆ ಇದ್ದೇ ಇದೆ. ಆದರೆ ಬೇಗ ಹೋದಷ್ಟೂ ಒಳ್ಳೆಯದು.

ಮನೆಯಲ್ಲೇ ಗಮನಿಸಬಹುದಾದ ಕೆಲವು ಗುರುತುಗಳಿವೆ. ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದಿದ್ದರೆ, ವರ್ಷ ತುಂಬಿದರೂ ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷಕ್ಕೂ ನಡಿಗೆ ಬಾರದಿದ್ದರೆ, ಎರಡು ವರ್ಷವಾದರೂ ‘ಅಮ್ಮ ಬಾ’, ‘ನೀರು ಕೊಡು’ ಎಂಬಂತೆ ಎರಡು ಪದ ಜೋಡಿಸದಿದ್ದರೆ ‘ನೋಡೋಣ’ ಎಂದು ಕೂರಬಾರದು. ಕಲಿತಿದ್ದ ಮಾತನ್ನು ಮಗು ಮರೆತುಬಿಟ್ಟರಂತೂ ಮರುದಿನವೇ ಮಕ್ಕಳ ವೈದ್ಯರ ಬಳಿ ಹೋಗಬೇಕು. ಮಾತು ಬಾರದ ಮಗುವಿಗೆ ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಕೇಳದ ಮಗು ಮಾತು ಕಲಿಯುವುದಾದರೂ ಹೇಗೆ?

ಯಾರ ತಪ್ಪೂ ಅಲ್ಲ

‘ನಿನ್ನ ಹೊಟ್ಟೇಲಿ ಹುಟ್ಟಿದ್ದಕ್ಕೇ ಹಿಂಗಾತು ಅಂದ್ರು. ಆ ಮಾತು ಈಗ್ಲೂ ಕಿವಿಯಾಗೆ ಐತಿ’ ಎಂದು ಆ ತಾಯಿ ಕಿಟಕಿ ಕಡೆ ಮುಖ ತಿರುಗಿಸಿದರು.

ವೈದ್ಯಶಾಸ್ತ್ರ ಹೇಳುವುದೇ ಬೇರೆ. ಹೆರಿಗೆ ಸಮಯದಲ್ಲಿ ಮಗುವಿಗೆ ಉಸಿರು ಸಿಗದಿರುವುದು, ತಿಂಗಳು ತುಂಬುವ ಮೊದಲೇ ಹುಟ್ಟುವುದು, ಹುಟ್ಟಿದ ಮೊದಲ ದಿನಗಳಲ್ಲಿ ಕಾಮಾಲೆ ವಿಪರೀತ ಏರುವುದು, ಮೆದುಳು ಜ್ವರ, ಥೈರಾಯ್ಡ್ ಕೊರತೆ, ವಂಶವಾಹಿಯ ಬದಲಾವಣೆ ಹೀಗೆ ಕಾರಣಗಳು ಹಲವು. ಆಟಿಸಂಗೆ ತಾಯಿಯ ಸಾಕಣೆ ಕಾರಣವಲ್ಲ, ಲಸಿಕೆಯೂ ಕಾರಣವಲ್ಲ. ಎಷ್ಟೋ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲೂ ಆಗುವುದಿಲ್ಲ.

ಒಂದು ಮಾತು ಮಾತ್ರ ನಾವು ಮುಚ್ಚುಮರೆಯಿಲ್ಲದೆ ಆಡಬೇಕು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಕೆಲವು ವಂಶವಾಹಿ ಕಾಯಿಲೆಗಳು, ಹುಟ್ಟುಕಿವುಡು ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಸೋದರಮಾವನ ಮಗಳು, ಅತ್ತೆಯ ಮಗ ಎನ್ನುವ ಸಂಬಂಧ ಬಯಲುಸೀಮೆಯ ಎಲ್ಲ ಜಾತಿ, ಧರ್ಮಗಳಲ್ಲೂ ಇದೆ. ಮನೆಯಲ್ಲಿ ಮೊದಲೇ ಇಂಥ ಮಗು ಇದ್ದರೆ ಮುಂದಿನ ಮಗುವಿಗೆ ಮುಂಚೆ ವಂಶವಾಹಿ ಸಲಹೆ ಪಡೆಯುವುದು ಜಾಣತನ.

ಬಾಗಿಲಿಗೇ ಬರುವ ತಪಾಸಣೆ

ಈ ಮಗುವಿನ ತೊಂದರೆ ಪತ್ತೆಯಾಗಿದ್ದು ಅಂಗನವಾಡಿಯಲ್ಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (ಆರ್‌ಬಿಎಸ್‌ಕೆ) ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಲಾಗುತ್ತದೆ. ಸಂಚಾರಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ನವಜಾತ ಶಿಶುವನ್ನು ಮೊದಲ ಆರು ವಾರ ಆಶಾ ಕಾರ್ಯಕರ್ತೆ ಮನೆಗೇ ಬಂದು ನೋಡಬೇಕು. ಹುಟ್ಟು ದೋಷ, ಕಾಯಿಲೆ, ಪೌಷ್ಟಿಕಾಂಶದ ಕೊರತೆ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ ಈ ನಾಲ್ಕನ್ನು ತಂಡ ಹುಡುಕುತ್ತದೆ. ಅನುಮಾನ ಬಂದರೆ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತದೆ.

ಆದರೆ ತಂಡ ಬಂದ ದಿನ ಮಗು ಅಂಗನವಾಡಿಯಲ್ಲಿ ಇರಬೇಕಲ್ಲ! ನಡೆಯಲಾರದ, ಮಾತಾಡದ ಮಗುವನ್ನೇ ಮನೆಯವರು ಮನೆಯಲ್ಲಿ ಬಿಡುವುದು. ಪರೀಕ್ಷೆ ಯಾರಿಗೆ ಬೇಕೋ ಆ ಮಗುವೇ ಪಟ್ಟಿಯಿಂದ ಹೊರಗೆ ಉಳಿಯುತ್ತದೆ. ಈ ತಾಯಿಗೂ ಆ ದಿನ ಅಂಗನವಾಡಿ ಕಾರ್ಯಕರ್ತೆ ಮನೆಗೆ ಬಂದು ‘ಅಕ್ಕಾ, ಡಾಕ್ಟ್ರು ಬಂದಾರ, ಕರ್ಕೊಂಡು ಬಾ’ ಎನ್ನದಿದ್ದರೆ ಇನ್ನೂ ಎಷ್ಟು ವರ್ಷ ಹೋಗುತ್ತಿತ್ತೋ.

ದಾವಣಗೆರೆಯಲ್ಲಿ ಏನಿದೆ?

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಇವುಗಳ ಜೊತೆಗೆ ಸುತ್ತಲ ಜಿಲ್ಲೆಗಳ ಅನೇಕರಿಗೆ ಇನ್ನೂ ತಿಳಿಯದ ಸಂಸ್ಥೆಯೊಂದಿದೆ. ಅದು ಕೇಂದ್ರ ಸರಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಜನರ ಬಾಯಲ್ಲಿ ಸಿಆರ್‌ಸಿ. 2017ರಲ್ಲಿ ಶುರುವಾದ ಇದು ಸಿಕಂದರಾಬಾದಿನ ಬೌದ್ಧಿಕ ವಿಕಲಚೇತನರ ರಾಷ್ಟ್ರೀಯ ಸಂಸ್ಥೆಯ ಆಡಳಿತದಲ್ಲಿದೆ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ವಾಕ್ ಮತ್ತು ಶ್ರವಣ ತರಬೇತಿ, ಮನೋವಿಜ್ಞಾನಿಗಳ ಪರೀಕ್ಷೆ, ವಿಶೇಷ ಶಿಕ್ಷಣ, ಕೃತಕ ಅಂಗ ಮತ್ತು ಸಾಧನ, ಎಲ್ಲವೂ ಒಂದೇ ಸೂರಿನಡಿ ಸಿಗಬೇಕು ಎಂಬುದು ಸಿಆರ್‌ಸಿಗಳ ಉದ್ದೇಶ. ಇನ್ನೂ ಆಳವಾದ ಪರೀಕ್ಷೆ ಬೇಕಾದರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ.

ಥೆರಪಿ ಎಂದರೆ ಇಂಜೆಕ್ಷನ್ ಅಲ್ಲ, ಮಾತ್ರೆಯೂ ಅಲ್ಲ. ಆಟಿಸಂ ವಾಸಿ ಮಾಡುವ ಔಷಧ ಇಲ್ಲ. ‘ಆರು ತಿಂಗಳಲ್ಲಿ ಪೂರ್ತಿ ಗುಣ’ ಎಂದು ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿ. ಫಿಟ್ಸ್ ಇರುವ ಮಗುವಿನ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ದಿನವೂ ವ್ಯಾಯಾಮ ಮಾಡಿಸದಿದ್ದರೆ ಸ್ನಾಯು ಬಿಗಿದು ಕೈಕಾಲು ಸೊಟ್ಟಗಾಗುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಕೇಂದ್ರದಲ್ಲಿ ಸಿಗುವುದು ಮುಕ್ಕಾಲು ಗಂಟೆ. ಉಳಿದದ್ದನ್ನು ಅಮ್ಮನೇ ಮನೆಯಲ್ಲಿ ಮಾಡಿಸಬೇಕು. ನಿಜ ಹೇಳಬೇಕೆಂದರೆ, ಮಗುವಿನ ಮುಖ್ಯ ಥೆರಪಿಸ್ಟ್ ತಾಯಿಯೇ.

ಸವಲತ್ತು ಇದೆ, ಕೇಳಬೇಕು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ ಇದೆ, ಇದಕ್ಕೆ ತಾಲೂಕಿನ ಬಿಆರ್‌ಸಿ ಕಚೇರಿಯಲ್ಲಿ ಕೇಳಬೇಕು.

ಎಲ್ಲಕ್ಕೂ ಮೊದಲು ಬೇಕಾದ್ದು ಯುಡಿಐಡಿ ಕಾರ್ಡು. ಮಾಸಾಶನ, ಬಸ್ ಪಾಸ್, ಸಾಧನ ಸಲಕರಣೆ ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ಕೆಎಸ್ಸಾರ್ಟಿಸಿಯ ರಿಯಾಯಿತಿ ಪಾಸಿನಲ್ಲಿ ಮನೆಯಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ ಓಡಾಡಬಹುದು. ಬಸವಾಪಟ್ಟಣಕ್ಕೆ ದಾವಣಗೆರೆಯೂ ಶಿವಮೊಗ್ಗವೂ ಅದರೊಳಗೇ ಬರುತ್ತವೆ. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರು ಇದಕ್ಕೆ ಅರ್ಹರು. ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕತ್ವಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು ಎಂಬುದೂ ನೆನಪಿರಲಿ.

ಇಷ್ಟೆಲ್ಲ ಕಾಗದಕ್ಕೆ ಓಡಾಡುವವರು ಯಾರು? ಅದಕ್ಕೇ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರುತ್ತಾರೆ. ಪಂಚಾಯಿತಿಯ ಅನುದಾನದಲ್ಲಿ ಶೇ. 5 ವಿಕಲಚೇತನರಿಗೇ ಮೀಸಲು. ನಿಮ್ಮ ಪಂಚಾಯಿತಿಯಲ್ಲಿ ಅದು ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ.

‘ವಾರಕ್ಕೊಂದಿನ ಇಲ್ಲಿಗೇ ಬಂದ್ರೆ’

ಅಡಿಕೆ ಸುಗ್ಗಿಯಲ್ಲಿ ಆ ತಾಯಿ ಅಡಿಕೆ ಸುಲಿಯಲು ಹೋಗುತ್ತಾರೆ. ಸುಲಿದಷ್ಟಕ್ಕೆ ಕೂಲಿ. ದಾವಣಗೆರೆಗೆ ಹೋದ ದಿನ ಕೂಲಿ ಇಲ್ಲ. ಮಗನಿಗೆ ಪಾಸಿದ್ದರೂ ಊಟ, ಆಟೋ ಖರ್ಚು ತಪ್ಪಿದ್ದಲ್ಲ. ಶಾಲೆಯಿಂದ ಬರುವ ದೊಡ್ಡ ಮಗಳನ್ನು ನೆರೆಮನೆಯವರು ನೋಡಿಕೊಳ್ಳಬೇಕು. ಸುಗ್ಗಿಯ ಎರಡು ತಿಂಗಳು ಥೆರಪಿ ತಪ್ಪಿತು. ಮಗ ಕಲಿತಿದ್ದರಲ್ಲಿ ಅರ್ಧ ಮರೆತ.

‘ನಮ್ಮ ಓಣಿಯಾಗೇ ಇಂಥ ಮೂರು ಹುಡುಗ್ರು ಅದಾರ. ಅವರಮ್ಮಂದಿರು ಒಂದಿನಾನೂ ದಾವಣಗೆರೆಗೆ ಬಂದಿಲ್ಲ. ವಾರಕ್ಕೊಂದಿನ ಡಾಕ್ಟ್ರು ಇಲ್ಲಿಗೇ ಬಂದ್ರೆ ಅವರೂ ಬರ್ತಾರ’ ಎಂದರು ಆ ತಾಯಿ.

ಇದು ದೊಡ್ಡ ಬೇಡಿಕೆಯೇನಲ್ಲ. ಹೋಬಳಿ ಕೇಂದ್ರದಲ್ಲಿ ಒಂದು ಕೋಣೆ, ನೆಲಕ್ಕೆ ಚಾಪೆ, ವಾರಕ್ಕೊಮ್ಮೆ ಒಬ್ಬ ಥೆರಪಿಸ್ಟ್. ಆರೋಗ್ಯ ಕೇಂದ್ರದಲ್ಲಿ ಜಾಗ ಇಲ್ಲವೆಂದರೆ ಸಮುದಾಯ ಭವನ ಇದೆ, ಶಾದಿಮಹಲ್ ಇದೆ. ವಾರದ ಹೆಚ್ಚಿನ ದಿನ ಇವು ಬೀಗ ಹಾಕಿಕೊಂಡೇ ಇರುತ್ತವೆ. ಜಾಗ ಕೊಡುವುದು, ಬಡ ತಾಯಿಯ ಒಂದು ದಿನದ ಕೂಲಿ ತುಂಬಿಕೊಡುವುದು ನಮ್ಮ ಜಮಾಅತ್‌ಗಳಿಗೂ ಸಂಘಗಳಿಗೂ ಆಗದ ಕೆಲಸವಲ್ಲ. ಇದನ್ನು ಬಸವಾಪಟ್ಟಣಕ್ಕೆ ಮಾತ್ರ ಹೇಳುತ್ತಿಲ್ಲ, ನಮ್ಮ ಕರಾವಳಿಯ ಊರುಗಳಿಗೂ ಹೇಳುತ್ತಿದ್ದೇವೆ.

ಸಂಜೆ ವಾಪಸ್ ಬಸ್ಸಿನಲ್ಲಿ ಹುಡುಗ ಅಮ್ಮನ ಫೈಲಿಗೆ ಕೈಹಾಕಿ ಚಿತ್ರದ ಚೀಟಿಯೊಂದನ್ನು ಹೊರತೆಗೆದ. ಅದರಲ್ಲಿ ಲೋಟದ ಚಿತ್ರ. ಅದನ್ನು ಅಮ್ಮನ ಮುಖದ ಮುಂದೆ ಹಿಡಿದ. ತಾಯಿ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಾ ನಮ್ಮ ಕಡೆ ತಿರುಗಿ ಹೇಳಿದರು: ‘ಮೊದಲು ನೀರಡಿಸಿದ್ರೆ ತಲೆ ಚಚ್ಚಿಕೊಂಡು ಅಳ್ತಿದ್ದ. ಈಗ ಕೇಳ್ತಾನ ನೋಡ್ರಿ.’